ಅರ್ಧ ದಾಡಿಯ ಕಾಕಾ

ಕಾಕಾ ತೀರಿಕೊಂಡ ಸುದ್ದಿ ತಿಕೋಟಾದಿಂದ ಬಂದಾಗ ನನ್ನ ಕೈ ತಾನಾಗಿಯೇ ಎಡಗೆನ್ನೆಗೆ ಹೋಯಿತು. ದುಃಖ ಆಮೇಲೆ ಬಂತು. ಮೊದಲು ಬಂದದ್ದು ಹೆದರಿಕೆ, ದಾಡಿ ಪೂರಾ ಆಗಿದೆಯೋ ಇಲ್ಲವೋ ಎಂಬ ಹಳೆಯ ಹೆದರಿಕೆ. ನನಗೀಗ ಮೊಮ್ಮಕ್ಕಳಿದ್ದಾರೆ, ದಾಡಿ ನಾನೇ ಮಾಡಿಕೊಳ್ಳುತ್ತೇನೆ. ಆದರೂ ಒಂದು ಮಗ್ಗುಲು ಮುಗಿಸಿ ಇನ್ನೊಂದಕ್ಕೆ ಬ್ಲೇಡು ಹಚ್ಚುವ ಮೊದಲು ಒಂದು ಕ್ಷಣ ನಿಂತು, ಈ ವಾರ ಯಾರ ಮೇಲಾದರೂ ಕೈ ಎತ್ತಿದೆನೇ ಎಂದು ನೆನಪು ಮಾಡಿಕೊಳ್ಳುತ್ತೇನೆ. ಮನೆಯಲ್ಲಿ ಇದನ್ನು ನನ್ನ ವಯಸ್ಸಿನ ಮರೆವು ಎಂದುಕೊಂಡಿದ್ದಾರೆ.

ಅವರ ಹೆಸರು ನಾನು ಬರೆಯುವುದಿಲ್ಲ. ಬರೆದರೂ ತಿಕೋಟಾದಲ್ಲಿ ಅರ್ಧ ಜನಕ್ಕೆ ಗುರುತು ಹತ್ತಲಿಕ್ಕಿಲ್ಲ, ಏಕೆಂದರೆ ಊರಿಗೆ ಊರೇ ಅವರನ್ನು ಕಾಕಾ ಎನ್ನುತ್ತಿತ್ತು, ಅವರಿಗಿಂತ ಹಿರಿಯರೂ ಸೇರಿ. ಅವರ ಕ್ಷೌರದ ಅಂಗಡಿ ಎಂದರೆ ಒಂದು ಬೇವಿನ ಮರ, ಮರಕ್ಕೆ ಮೊಳೆ ಹೊಡೆದು ತೂಗುಹಾಕಿದ ಕನ್ನಡಿ, ಒಂದು ಕಟ್ಟಿಗೆಯ ಕುರ್ಚಿ. ಕುರ್ಚಿಯ ಒಂದು ಕಾಲು ಗಿಡ್ಡ. ಕೂತವನು ಸ್ವಲ್ಪ ಮಿಸುಕಿದರೂ ಅದು ಅಲುಗುತ್ತಿತ್ತು, ಕುತ್ತಿಗೆಯ ಹತ್ತಿರ ಕತ್ತಿ ಇದ್ದಾಗ ಅಲುಗಾಡಲು ಯಾರಿಗೂ ಧೈರ್ಯವಿರಲಿಲ್ಲ. ಆ ಕಾಲಿನ ಕೆಳಗೆ ಒಂದು ಚಪ್ಪಟೆ ಕಲ್ಲು ಕೊಡಬಾರದೇ ಎಂದು ನಾನೊಮ್ಮೆ ಕೇಳಿದೆ. ಗಿರಾಕಿ ನೆಟ್ಟಗೆ ಕೂಡಲಿ ಎಂದು ತಾವೇ ಗರಗಸ ಹಿಡಿದು ಕೊಯ್ದದ್ದು ಎಂದರು. ಕಾಕಾ ಸುಳ್ಳು ಹೇಳುವಾಗಲೂ ಮುಖ ಗಂಭೀರವಾಗಿಯೇ ಇರುತ್ತಿತ್ತು, ಹಾಗಾಗಿ ನಿಜ ಯಾವುದೆಂದು ಇವತ್ತಿಗೂ ಗೊತ್ತಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಬಬಲೇಶ್ವರದವನು, ಇಪ್ಪತ್ತಮೂರರ ವಯಸ್ಸು, ಟ್ರೇನಿಂಗ್ ಮುಗಿಸಿ ತಿಕೋಟಾದ ಶಾಲೆಗೆ ಮಾಸ್ತರನಾಗಿ ಹೊಸದಾಗಿ ಬಂದಿದ್ದೆ. ಮದುವೆ ಆಗಿತ್ತು, ಬುದ್ಧಿ ಬಂದಿರಲಿಲ್ಲ. ಕಾಕಾ ನನಗಿಂತ ವರ್ಷ ಮೊದಲು ಹೆಂಡತಿಯ ಊರೆಂದು ಅಲ್ಲಿಗೆ ಬಂದಿದ್ದರು. ಅದಕ್ಕೂ ಮೊದಲು ವಿಜಾಪುರದ ಜೇಲಿನಲ್ಲಿ ನಾಲ್ಕು ವರ್ಷ ಕೈದಿಗಳ ತಲೆ ಬೋಳಿಸುವ ಕೆಲಸ ಮಾಡಿದ್ದರು.

ಆ ನಾಲ್ಕು ವರ್ಷದಲ್ಲಿ ಅವರಿಗೆ ಒಂದು ಹುಚ್ಚು ಹತ್ತಿತ್ತು. ಕೂದಲು ಇಳಿದ ಮೇಲೆ ಕಾಣುವ ಹಳೆಯ ಗಾಯದ ಕಲೆಗಳನ್ನು ಹೆಬ್ಬೆರಳಿನಿಂದ ಒತ್ತಿ, ಇದು ಯಾವಾಗಿನದು, ಯಾರು ಮಾಡಿದ್ದು ಎಂದು ಕೇಳುವುದು. ಕೋರ್ಟಿನಲ್ಲಿ ಬಾಯಿ ಬಿಡದವರು ಕಾಕಾನ ಕೈಗೆ ತಲೆ ಕೊಟ್ಟೊಡನೆ ಎಲ್ಲವನ್ನೂ ಹೇಳುತ್ತಿದ್ದರಂತೆ. ಇದು ಅಪ್ಪ ಕೊಡಲಿಯ ಕಾವಿನಿಂದ ಹೊಡೆದದ್ದು, ಇದು ಚಿಕ್ಕವ್ವ ಒಲೆಯ ಕೊಳ್ಳಿಯಿಂದ ಸುಟ್ಟದ್ದು, ಇದು ಸಾಲಿ ಮಾಸ್ತರನ ರೂಳುದೊಣ್ಣೆಯದು. ಸಾಲಿ ಮಾಸ್ತರ ಎನ್ನುವಾಗ ಕನ್ನಡಿಯಲ್ಲಿ ನನ್ನನ್ನು ನೋಡಿ ಕತ್ತಿಯನ್ನು ಚರ್ಮದ ಪಟ್ಟಿಗೆ ಇನ್ನೆರಡು ಸಲ ತಿಕ್ಕುತ್ತಿದ್ದರು.

ನನಗೆ ವಾದ ಮಾಡುವ ಚಟ. ಪೆಟ್ಟು ತಿಂದವರೆಲ್ಲ ಕಳ್ಳರು, ಕೊಲೆಗಾರರು ಆಗುವಂತಿದ್ದರೆ ಬಬಲೇಶ್ವರದ ಸಂತೆಯಲ್ಲಿ ಬದನೆಕಾಯಿ ಮಾರಲು ಒಬ್ಬನೂ ಉಳಿಯುತ್ತಿರಲಿಲ್ಲ ಎಂದೆ. ಕಾಕಾ ಒಪ್ಪಿದರು. ಒಪ್ಪುತ್ತಲೇ ನನ್ನ ಕಿವಿಯ ಮೇಲಿನ ಕೂದಲನ್ನು ಬಾಚಣಿಕೆಯಿಂದ ಎತ್ತಿ, ಅಲ್ಲಿದ್ದ ಕಲೆಯ ಮೇಲೆ ಬೆರಳಿಟ್ಟು, ಇದು ಯಾರದು ಎಂದರು. ಅದು ನನ್ನಪ್ಪನದು, ತಂಬಿಗೆ ಎಸೆದದ್ದು. ಆವಾಗ ಅವರು ಇನ್ನೊಂದು ಪ್ರಶ್ನೆ ಕೇಳಿದರು. ಅರಿಶಿಣ ಹಚ್ಚಿದವರು ಯಾರು? ನಮ್ಮಜ್ಜಿ ಎಂದೆ. ಅರಿಶಿಣ ಹಚ್ಚಿ, ಸೆರಗಿನ ಗಂಟು ಬಿಚ್ಚಿ ಬೆಲ್ಲ ಕೊಟ್ಟಿದ್ದಳು, ಆಮೇಲೆ ನಮ್ಮಪ್ಪನಿಗೆ ಎರಡು ದಿನ ರೊಟ್ಟಿ ಬಡಿದು ಹಾಕಿರಲಿಲ್ಲ.

"ನಿಮ್ಮಜ್ಜಿ ಎಷ್ಟ ಮಂದಿ ಜೀವ ಉಳಿಸ್ಯಾಳೋ ಯಾರಿಗ್ಗೊತ್ತು," ಎಂದರು ಕಾಕಾ. "ಹೊಡದಾಂವ ಯಾರು ಅಂತ ಎಲ್ಲಾರೂ ಕೇಳ್ತಾರ ಮಾಸ್ತರ. ಹೊಡದ ಮ್ಯಾಲ ಬಂದಾವ್ರು ಯಾರು, ಅದನ್ನ ಯಾರೂ ಕೇಳಂಗಿಲ್ಲ."

ಈ ಎರಡನೆಯ ಪ್ರಶ್ನೆ ಅವರಿಗೆ ಜೇಲಿನಲ್ಲಿ ಒಬ್ಬ ಕೈದಿಯಿಂದ ಸಿಕ್ಕಿತ್ತು. ಅವನ ಸುದ್ದಿ ಹೇಳುವಾಗ ಮಾತ್ರ ಕಾಕಾ ಚೇಷ್ಟೆ ಬಿಟ್ಟು ಮಾತಾಡುತ್ತಿದ್ದರು.

ಗಡಿಯ ಕಡೆಯ ಒಂದು ಹಳ್ಳಿಯವನು. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ, ತನಗೇನೂ ಆಗಬೇಕಾಗಿರದ ನಾಲ್ಕು ಜನರನ್ನು ಕೊಂದಿದ್ದ. ನಾಲ್ವರೂ ಮುಖದ ಮೇಲೆ ಮುಸುಕು ಎಳೆದುಕೊಂಡು ಮಲಗಿದ್ದವರು. ಅವನನ್ನು ರಾಕ್ಷಸ ಎಂದು ಪೊಲೀಸರು ಅಂದರು, ಪೇಟೆಯ ಜನ ಅಂದರು, ಜೇಲಿನ ಉಳಿದ ಕೈದಿಗಳೂ ಅಂದರು. ಕಾಕಾನಿಗೆ ಕಂಡದ್ದು ಇಷ್ಟು: ಹಣೆಯ ಮೇಲಿನ ಕೂದಲು ತೆಗೆಯುವಾಗ ಅಂಗೈ ಅವನ ಕಣ್ಣಿಗೆ ಅಡ್ಡ ಬಂದರೆ ಅವನು ಕಾಕಾನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸುತ್ತಿದ್ದ. ತಲೆಯ ನಡುವೆ ಉದ್ದಕ್ಕೆ ಕಲ್ಲು ತರಚಿದ ಒಂದು ಹಳೆಯ ಗೆರೆ ಇತ್ತು. ಕೇಳಿದ್ದಕ್ಕೆ, ಹಗೇವಿನ ಬಾಯಿಯದು ಎಂದ.

ಹಗೇವು ನಮ್ಮ ಕಡೆಯ ಜೋಳದ ಕಣಜ. ಅಂಗಳದಲ್ಲಿ ನೆಲ ತೋಡಿ ಮಾಡಿದ್ದು. ಒಬ್ಬರು ಇಳಿಯುವಷ್ಟೇ ಸಣ್ಣ ಬಾಯಿ, ಒಳಗೆ ಕೋಣೆಯಷ್ಟು ಹೊಟ್ಟೆ, ಮೇಲೆ ಮುಚ್ಚುವ ಚಪ್ಪಡಿ. ಅವನು ಎಂಟು ವರ್ಷದವನಿದ್ದಾಗ ಎಮ್ಮೆ ಯಾರದೋ ಹೊಲ ಹೊಕ್ಕಿತೆಂದು ಅಪ್ಪ ಅವನನ್ನು ಖಾಲಿ ಹಗೇವಿಗೆ ಇಳಿಸಿ ಕಲ್ಲು ಎಳೆದ. ಎಳೆದವನು ಸಂತೆಗೆ ಹೋಗಿ ಮರೆತ. ಎರಡನೆಯ ದಿನ ಸಂಜೆ ನೆನಪಾಗಿ ಮೇಲೆ ಎತ್ತಿದರು. ಮೇಲೆ ಬಂದ ಮೇಲೆ ಏನೆಂದರು ಎಂದು ಕಾಕಾ ಕೇಳಿದರು.

"ಎತ್ತಿಗೆ ನೀರ ಕುಡಸು ಅಂದ್ರು."

ಅಷ್ಟೇ. ಯಾರೂ ಬಯ್ಯಲಿಲ್ಲ, ಯಾರೂ ಅಳಲಿಲ್ಲ. ಅವನು ಎತ್ತುಗಳಿಗೆ ನೀರು ಕುಡಿಸಿದ. ಅದರಿಂದಲೇ ಅವನು ಹಾಗಾದ ಎಂದು ಕಾಕಾ ಒಮ್ಮೆಯೂ ಹೇಳಲಿಲ್ಲ. ಅದು ದೊಡ್ಡವರು ಹೇಳಬೇಕಾದ ಮಾತು, ತಾನು ಕೂದಲು ತೆಗೆಯುವವನು ಎನ್ನುತ್ತಿದ್ದರು. ಆದರೆ ಶಿಕ್ಷೆಯಾಗಿ ಅವನನ್ನು ಬೇರೆ ಊರಿನ ಜೇಲಿಗೆ ಒಯ್ದ ವಾರವೇ ಕಾಕಾ ಕೆಲಸ ಬಿಟ್ಟರು. ತಿಕೋಟಾಕ್ಕೆ ಬಂದು ಬೇವಿನ ಮರಕ್ಕೆ ಕನ್ನಡಿ ತೂಗುಹಾಕಿ, ಮೊದಲು ಹುಡುಗರ ತಲೆಗಳನ್ನೆಲ್ಲ ನೋಡಿ ಮುಗಿಸಿದರು.

ಅಲ್ಲಿಂದ ಅರ್ಧ ದಾಡಿಯ ಕಾರುಬಾರು ಶುರುವಾಯಿತು. ಯಾವ ಹುಡುಗನ ತಲೆಯ ಮೇಲಾದರೂ ಹೊಸ ಗಾಯ ಕಂಡರೆ ಕಾಕಾ ಹುಡುಗನಿಗೆ ಏನೂ ಅನ್ನುತ್ತಿರಲಿಲ್ಲ. ಅವನ ಅಪ್ಪ ದಾಡಿಗೆ ಬರುವ ದಿನ ಕಾಯುತ್ತಿದ್ದರು. ಬಂದವನನ್ನು ಕೂಡಿಸಿ, ಮಳೆ ಬೆಳೆ ವಿಚಾರಿಸಿ, ಬಲಗೆನ್ನೆಯನ್ನು ಕನ್ನಡಿಯಂತೆ ನುಣ್ಣಗೆ ಮಾಡಿ, ಗದ್ದದ ನಟ್ಟನಡುವೆ ಗೆರೆ ಹೊಡೆದ ಹಾಗೆ ನಿಲ್ಲಿಸಿ, ಕತ್ತಿ ಮಡಚಿ ಇಡುತ್ತಿದ್ದರು. ಇನ್ನು ಮುಂದೆ ತಲೆಗೆ ಹೊಡೆಯುವುದಿಲ್ಲ ಎಂದು ಮಾತು ಕೊಟ್ಟರೆ ಎಡಗೆನ್ನೆ. ಇಲ್ಲದಿದ್ದರೆ ಹಾಗೆಯೇ ಮನೆಗೆ. ಮೀಸೆಗೆ ಮಾತ್ರ ಕೈ ಹಚ್ಚುತ್ತಿರಲಿಲ್ಲ. ಮೀಸೆ ಹೋದರೆ ಜಗಳವಾಗುತ್ತದೆ, ಗಲ್ಲ ಉಳಿದರೆ ನಗೆಯಾಗುತ್ತದೆ ಎಂಬುದು ಅವರ ಲೆಕ್ಕ.

ಬೇರೆ ಕಡೆ ಹೋಗಿ ಮುಗಿಸಿಕೊಳ್ಳುವ ದಾರಿಯೂ ಇರಲಿಲ್ಲ. ಒಬ್ಬರು ನೀರು ಹಚ್ಚಿದ ಮುಖಕ್ಕೆ ಇನ್ನೊಬ್ಬರು ಕತ್ತಿ ಹಚ್ಚಬಾರದೆಂಬುದು ಅವರ ಕಸುಬಿನ ಕಟ್ಟು. ಬಬಲೇಶ್ವರದಲ್ಲಿ ಕತ್ತರಿ ಹಿಡಿದವರು ಕಾಕಾನ ಬೀಗರು, ವಿಜಾಪುರದಲ್ಲಿ ಹಿಡಿದವರು ಕಾಕಾನಿಂದ ಕಲಿತವರು. ಗದ್ದದ ಮೇಲಿನ ಆ ಗೆರೆ ನೋಡಿಯೇ ಅವರಿಗೆ ಗುರುತು ಸಿಗುತ್ತಿತ್ತು. ಕನಮಡಿಯ ಒಬ್ಬ ಹಟಮಾರಿ ಹದಿನೈದು ದಿನ ಹಾಗೆಯೇ ತಿರುಗಿ, ಕೊನೆಗೆ ಮಗನನ್ನೇ ಹೆಗಲ ಮೇಲೆ ಕೂಡಿಸಿಕೊಂಡು ಬಂದು ಎಡಗೆನ್ನೆ ಬಿಡಿಸಿಕೊಂಡು ಹೋದ.

ನನ್ನ ಸರದಿ ಬಂದದ್ದು ಒಂದು ನಕಾಶೆಯಿಂದ. ಮೂರನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ಎಂಟು ವರ್ಷ, ಅಪ್ಪ ಅವ್ವ ಇಬ್ಬರೂ ತೀರಿಕೊಂಡು ಆ ವರ್ಷವಷ್ಟೇ ಸೋದರಮಾವನ ಮನೆಗೆ ಬಂದವನು. ಮಾವ ಊರಿನ ದೊಡ್ಡ ಸಾವುಕಾರ. ಹಿಂದಿನ ಕತ್ತಲೆ ಕೋಣೆಯಿಂದ ನಕಾಶೆ ತೆಗೆದುಕೊಂಡು ಬಾ ಎಂದು ಹುಡುಗನಿಗೆ ಹೇಳಿದೆ. ಬಾಗಿಲ ತನಕ ಹೋಗಿ ನಿಂತ. ಮತ್ತೆ ಹೇಳಿದೆ. ಅಲುಗಲಿಲ್ಲ. ಸಾವುಕಾರನ ಮನೆಯವನೆಂಬ ಸೊಕ್ಕು ಎಂದು ತಿಳಿದು ರೂಳಿನಿಂದ ಬಾರಿಸಿದೆ. ಅದರ ಅಂಚು ತಲೆಗೆ ತಾಗಿ ರಕ್ತ ಬಂತು. ಅವನು ಅಳಲಿಲ್ಲ, ಕೋಣೆಯೊಳಗೂ ಹೋಗಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಭಾನುವಾರ ಬೇವಿನ ಮರದ ಕೆಳಗೆ ನನ್ನ ಬಲಗೆನ್ನೆ ನುಣ್ಣಗಾಯಿತು, ಎಡಗೆನ್ನೆ ಉಳಿಯಿತು. ಮಾಸ್ತರನ ಜೊತೆ ಇಷ್ಟು ಸಲಿಗೆಯೇ ಎಂದು ಎದ್ದು ಬಂದೆ. ಸೋಮವಾರ ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ನಾನು ಇಡೀ ದಿನ ಕಪ್ಪುಹಲಗೆಯ ಕಡೆಗೆ ಅರ್ಧ ತಿರುಗಿಯೇ ಪಾಠ ಮಾಡಿದೆ. ಹುಡುಗರು ಅಂದು ಕೂತಷ್ಟು ಶಾಂತವಾಗಿ ಎಂದೂ ಕೂತಿರಲಿಲ್ಲ. ಸಾಹೇಬರು ಹೋಗುವಾಗ, ಕುತ್ತಿಗೆ ಹಿಡಿದುಕೊಂಡಿದ್ದರೆ ಎಳ್ಳೆಣ್ಣೆ ತಿಕ್ಕಿಸಿ ಎಂದರು. ಸಂಜೆ ನಾನು ನೇರ ಕಾಕಾನ ಕುರ್ಚಿಗೆ ಹೋಗಿ, ಮಾತು ಕೊಟ್ಟು, ರೂಳನ್ನೂ ಅವರ ಕೈಗೆ ಕೊಟ್ಟೆ. ಅವರು ಅದಕ್ಕೆ ಮೊಳೆ ಹೊಡೆದು ಗಿರಾಕಿಗಳ ಟೊಪ್ಪಿಗೆ, ರುಮಾಲು ತೂಗುಹಾಕಲು ಇಟ್ಟುಕೊಂಡರು.

ಎಡಗೆನ್ನೆ ಮಾಡುತ್ತ ಕಾಕಾ ಸಣ್ಣ ದನಿಯಲ್ಲಿ ಹೇಳಿದರು, ಹುಡುಗನ ತಲೆಯ ಮೇಲೆ ನಿಮ್ಮ ರೂಳಿನ ಗಾಯದ ಪಕ್ಕ ಇನ್ನೊಂದಿದೆ, ಅದು ನಿಮ್ಮದಲ್ಲ. ಕಲ್ಲು ತರಚಿದ ಗೆರೆ, ಉದ್ದಕ್ಕೆ. ಅಂಥದನ್ನು ಜೇಲಿನಲ್ಲಿ ಒಮ್ಮೆ ನೋಡಿದ್ದೇನೆ ಎಂದರು. ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತ ಹುಡುಗ ನನ್ನ ಕಣ್ಣ ಮುಂದೆ ಬಂದ. ಅಲ್ಲಿಯ ತನಕ ಕಾಕಾನ ಮಾತು ನನಗೆ ಮೋಜಿನ ಮಾತಾಗಿತ್ತು.

ಸಾವುಕಾರರ ದಾಡಿ ಮರದ ಕೆಳಗೆ ಆಗುವಂಥದ್ದಲ್ಲ, ಕಾಕಾ ಅವರ ಮನೆಗೇ ಹೋಗಬೇಕು. ಹೋದರು. ಬಲಗೆನ್ನೆ ಮುಗಿಸಿ, ಕತ್ತಿ ಮಡಚಿ, ಅಂಗಳದ ಹಗೇವನ್ನು ಮಣ್ಣು ಹಾಕಿ ಮುಚ್ಚಿಸಬೇಕೆಂದು ಕೈಮುಗಿದು ಕೇಳಿದರು. ಸಾವುಕಾರರು ಬಾರುಕೋಲು ತರಿಸಿದರು. ಕಾಕಾ ಮನೆಗೆ ಬಂದು, ಮೂರು ದಿನ ಬೆನ್ನು ಮೇಲೆ ಮಾಡಿ ಮಲಗಿದರು. ನೋಡಲು ಹೋದ ನನಗೆ, ತಲೆಗೆ ಹೊಡೆದಿಲ್ಲ ನೋಡಿ, ಆ ಮಟ್ಟಿಗೆ ಸಾವುಕಾರರು ಸುಧಾರಿಸಿದ್ದಾರೆ ಎಂದರು.

ಆದರೆ ಎಡಗೆನ್ನೆ ಉಳಿದಿತ್ತಲ್ಲ. ಸಾವುಕಾರರು ಬಬಲೇಶ್ವರದ ಸಂತೆಗೆ ಹೋದರು. ಅಲ್ಲಿಯ ಬೀಗ ಅವರ ಗದ್ದ ನೋಡಿ, ಕೈಗೆ ವಾತ ಬಂದಿದೆ ಎಂದ. ವಿಜಾಪುರಕ್ಕೆ ಹೋದರು. ಬಸ್ಸು ನಿಲ್ಲುವ ಕಡೆಯ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತದ್ದೂ ಆಯಿತು, ನೀರು ಹಚ್ಚಲು ಬಂದವನು ಗೆರೆ ನೋಡಿ ಹಿಂದೆ ಸರಿದ. ಮನೆಯಲ್ಲಿ ಸ್ವತಃ ಬ್ಲೇಡು ಹಿಡಿದು ಕಿವಿ ಕೊಯ್ದುಕೊಂಡರು. ರುಮಾಲಿನ ತುದಿ ಗಲ್ಲಕ್ಕೆ ಸುತ್ತಿ ಹಲ್ಲುನೋವು ಎಂದು ತಿರುಗಿದರೆ, ಊರಿನವರು ಒಬ್ಬರಾದ ಮೇಲೊಬ್ಬರು ಲವಂಗ ತಂದುಕೊಟ್ಟು ಬಾಯಿ ತೆರೆಯಿರಿ ಎಂದರು. ಹಲ್ಲುನೋವಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಲವಂಗ ಕೊಡುವ ಸುಖವನ್ನು ಯಾರೂ ಬಿಡಲಿಲ್ಲ, ನಾನೂ ನಾಲ್ಕು ಕೊಟ್ಟೆ.

ಹತ್ತನೆಯ ದಿನ ಅವರು ತಾವೇ ಬೇವಿನ ಮರದ ಕೆಳಗೆ ಬಂದರು. ಹಿಂದೆ ಅರ್ಧ ಊರು.

"ನಮ್ಮಪ್ಪ ನನ್ನ ಅದ ಹಗೇವದಾಗ ಹತ್ತ ಸಲ ಇಳಿಸ್ಯಾನ," ಎಂದು ಗುಡುಗಿದರು. "ಏನಾಗೇತಿ ನನಗ? ಏನ ಕಡಿಮಿ ಆಗೇತಿ?"

"ಏನೂ ಆಗಿಲ್ರಿ ಸಾವುಕಾರ್ರ," ಎಂದರು ಕಾಕಾ. "ಹಂಗಾದ್ರ ಇನ್ನೊಮ್ಮಿ ಇಳೀರಿ. ನಾ ಒಂದ ಕಪ್ ಚಾ ಕುಡಿಯೂತನಕ. ಹೋದಂಗ ಬಂದ್ರಿ ಅಂದ್ರ ನಿಮ್ಮ ಕಾಲ ಹಿಡಿತೇನಿ, ದಾಡೀನೂ ಮಾಡ್ತೇನಿ, ಊರೂ ಬಿಡ್ತೇನಿ."

ಅಷ್ಟು ಜನರ ಮುಂದೆ ಒಲ್ಲೆ ಎನ್ನುವುದು ಸಾವುಕಾರರ ಹುಟ್ಟುಗುಣದಲ್ಲಿರಲಿಲ್ಲ. ಎಲ್ಲರೂ ಅವರ ಅಂಗಳಕ್ಕೆ ಹೋದೆವು. ಖಾಲಿ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆಂದು ಮೊದಲು ಕಂದೀಲು ಇಳಿಸಿ ನೋಡುವುದು ರೂಢಿ. ಕಂದೀಲು ಆರಲಿಲ್ಲ. ಸಾವುಕಾರರು ಧೋತರ ಎತ್ತಿ ಕಟ್ಟಿ, ಹಗ್ಗ ಹಿಡಿದು ಇಳಿದರು. ಕಂದೀಲು ಮೇಲೆ ಬಂತು. ನಾಲ್ಕು ಬೆರಳು ಸಂದು ಬಿಟ್ಟು ಚಪ್ಪಡಿ ಎಳೆದರು. ಹೋಟೆಲಿನಿಂದ ಚಹಾ ಬಂತು. ಕಾಕಾ ಬಸಿಗೆ ಸುರಿದುಕೊಂಡು ಬೇಕೆಂದೇ ನಿಧಾನವಾಗಿ ಊದತೊಡಗಿದರು. ಜನ ನಗು ತಡೆಯಲಾರದೆ ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ಹುಡುಗ ಮಾತ್ರ ಕಟ್ಟೆಯ ಕಂಬ ಹಿಡಿದುಕೊಂಡು ಚಪ್ಪಡಿಯನ್ನೇ ನೋಡುತ್ತಿದ್ದ.

ಮೊದಲು ಒಳಗಿನಿಂದ ಕೆಮ್ಮು ಕೇಳಿತು. ಆಮೇಲೆ ಒಂದು ದನಿ, ಸಾವುಕಾರರದಲ್ಲ ಎನಿಸುವಷ್ಟು ಸಣ್ಣದು.

"ಯವ್ವಾ, ಇನ್ನೊಮ್ಮಿ ಮಾಡಂಗಿಲ್ಲ ಬೇ. ಯವ್ವಾ, ತಗಿ ಬೇ."

ಐವತ್ತೈದು ವರ್ಷದ ಮನುಷ್ಯ. ಕಾಕಾ ಬಸಿಯನ್ನು ಹಾಗೆಯೇ ಕೆಳಗಿಟ್ಟು ಚಪ್ಪಡಿಗೆ ಕೈ ಹಚ್ಚಿದರು. ನಾನೂ ಹಚ್ಚಿದೆ. ಕಲ್ಲಿನ ಮೇಲೆ ನಮ್ಮ ಕೈಗಳ ನಡುವೆ ಒಂದು ಸಣ್ಣ ಕೈ ಬಂತು, ಹುಡುಗನದು. ಎಲ್ಲರಿಗಿಂತ ಜೋರಾಗಿ ದೂಡಿದವನು ಅವನೇ. ಸಾವುಕಾರರು ಮೇಲೆ ಬಂದರು, ರುಮಾಲು ಇಲ್ಲ, ಮೈಯೆಲ್ಲ ಬೆವರು. ನಗಲಿಕ್ಕೆಂದೇ ಬಂದಿದ್ದ ಜನರಲ್ಲಿ ಒಬ್ಬರೂ ನಗಲಿಲ್ಲ.

ಕಾಕಾ ಅವರನ್ನು ಅಲ್ಲಿಯೇ ಕೂಡಿಸಿ, ಎಡಗೆನ್ನೆಗೆ ನೀರು ಹಚ್ಚಿ, ಕತ್ತಿ ಬಿಚ್ಚಿದರು. ದಾಡಿ ಮಾಡುತ್ತ ಕಿವಿಯ ಹತ್ತಿರ ಏನೋ ಕೇಳಿದರು. ಪಕ್ಕದಲ್ಲೇ ನೀರಿನ ಬಟ್ಟಲು ಹಿಡಿದು ನಿಂತಿದ್ದೆನಾದ್ದರಿಂದ ನನಗೆ ಕೇಳಿಸಿತು. ಸಣ್ಣವರಿದ್ದಾಗ ಹಗೇವಿನಿಂದ ಮೇಲೆ ಬಂದರೆ ಮನೆಯವರು ಏನೆನ್ನುತ್ತಿದ್ದರು ಎಂದು ಕೇಳಿದ್ದರು.

"ನಗತಿದ್ರು," ಎಂದರು ಸಾವುಕಾರರು. "ಅವ್ವ ಒಬ್ಬಾಕಿ ನಗತಿರಲಿಲ್ಲ."

ಈ ಹುಡುಗನಿಗೆ ಅಂಥವರು ಈ ಮನೆಯಲ್ಲಿ ಯಾರಿದ್ದಾರೆ ಎಂದು ಕಾಕಾ ಕೇಳಿದರು. ಸಾವುಕಾರರು ಅಂಗಳದಲ್ಲಿದ್ದ ತಮ್ಮ ಮನೆಯವರನ್ನು ಒಬ್ಬೊಬ್ಬರನ್ನಾಗಿ ನೋಡಿ ತಲೆ ತಗ್ಗಿಸಿದರು. ಕಾಕಾ ಕತ್ತಿ ಒರೆಸುತ್ತ ನನ್ನ ಕಡೆ ನೋಡಿದರು. ಅವರು ಹಾಗೆ ನೋಡಿದರೆ ಮುಖದ ಮೇಲೆ ಅರ್ಧ ದಾಡಿ ಇಲ್ಲದಿದ್ದರೂ ಇದ್ದಂತೆಯೇ ಆಗುತ್ತಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗ ನಮ್ಮಲ್ಲಿಗೆ ಬರಲಿ, ಉಂಡು ಹೋಗಲಿ ಎಂದು ನನ್ನ ಬಾಯಿಂದ ಬಂತು. ನಾನು ಹೊಡೆದಿದ್ದ ಹುಡುಗ ನನ್ನ ಮನೆಗೆ ಯಾಕೆ ಬಂದಾನು ಎಂದು ನನಗೆ ಅಳುಕಿತ್ತು. ಮೊದಲ ದಿನ ಬಂದವನು ಹೊಸ್ತಿಲ ಹೊರಗೆ ನಿಂತ. ನನ್ನ ಹೆಂಡತಿ ಕೈಹಿಡಿದು ಒಳಗೆ ಕರೆದುಕೊಂಡಳು. ನಾಲ್ಕನೆಯ ದಿನ ಕೇಳಿ ಹಾಕಿಸಿಕೊಂಡು ಉಂಡ. ಹಗೇವಿಗೆ ಸಾವುಕಾರರು ಆ ವಾರವೇ ಒಂಬತ್ತು ಗಾಡಿ ಮಣ್ಣು ಹಾಕಿಸಿದರು. ಅದರ ಮೇಲೆ ಕೂತು ಈಗ ಚಹಾ ಕುಡಿಯಬಹುದು ಎಂದು ಕಾಕಾ ಅವರ ಮುಂದೆಯೇ ಹೇಳಿದರು. ಸಾವುಕಾರರು ಚಹಾ ತರಿಸಿದರು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ನಾನೂ ಹುಡುಗನೂ ಶಾಲೆಗೆ ಹೊರಟಿದ್ದೆವು. ಮರದ ಕೆಳಗೆ ಕನ್ನಡಿ ಇರಲಿಲ್ಲ. ಕಾಕಾ ಹತ್ತಿರದ ಬಾವಿಯ ಕಟ್ಟೆಯ ಮೇಲೆ ಉಟ್ಟ ಬಟ್ಟೆಯಲ್ಲೇ ಕೂತು ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಸತ್ತವರ ಸುದ್ದಿ ಕೇಳಿದಾಗ ಮನೆಯವರು ಮಾಡುವ ಸ್ನಾನ ಅದು. ವಿಜಾಪುರದಿಂದ ಬಂದ ಮೊದಲ ಬಸ್ಸಿನಲ್ಲಿ ಜೇಲಿನ ಹಳೆಯ ಸಿಪಾಯಿಯೊಬ್ಬ ಬಂದು ಹೇಳಿ ಹೋಗಿದ್ದನಂತೆ. ಆ ಕೈದಿಯನ್ನು ಗಲ್ಲಿಗೆ ಹಾಕಿದ್ದರು. ಹೆಣ ಕೇಳಲು ಯಾರೂ ಬಂದಿರಲಿಲ್ಲ.

ನನಗೆ ಸಿಟ್ಟು ಬಂತು. ನಾಲ್ಕು ಜನರನ್ನು ಮಲಗಿದಲ್ಲೇ ಕೊಂದವನಿಗೆ ಮೈಲಿಗೆ ಹಿಡಿಯುವುದೇ ಎಂದೆ, ಆ ನಾಲ್ವರ ಮನೆಯವರು ನೋಡಿದರೆ ಏನೆಂದುಕೊಂಡಾರು ಎಂದೆ. ಕಾಕಾ ಇನ್ನೊಂದು ತಂಬಿಗೆ ನೀರು ತಲೆಗೆ ಸುರಿದುಕೊಂಡರು. ಹುಡುಗ ಪಾಟಿಚೀಲವನ್ನು ನನ್ನ ಕೈಗೆ ಕೊಟ್ಟು ಕಟ್ಟೆ ಹತ್ತಿ ಅವರ ಪಕ್ಕ ಹೋಗಿ ನಿಂತ.

"ಯಾರ ಸತ್ತಾರ ಕಾಕಾ?"

ಕಾಕಾ ಮುಖದ ನೀರು ಒರೆಸಿಕೊಂಡು ಅವನನ್ನು ನೋಡಿದರು.

"ನಿನ್ನ ವಾರಿಗಿಯಾಂವ ಒಬ್ಬಾಂವ ಇದ್ದನಪಾ," ಎಂದರು. "ಎಂಟ ವರ್ಷದ ಹುಡುಗ."

ಹುಡುಗ ಬಾವಿಗೆ ಕೊಡ ಬಿಟ್ಟು, ಎರಡೂ ಕೈಯಿಂದ ಹಗ್ಗ ಎಳೆದು, ಕಾಕಾನ ತಲೆಯ ಮೇಲೆ ನೀರು ಸುರಿದ.